ಬ್ರಯಂಟ್ ಬೀದಿಯ ಬೇಲ್ ಅಂಗಡಿಗಳು

ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಮಿನಲ್ ಕೋರ್ಟು ಇರುವುದು 850, ಬ್ರಯಂಟ್ ಬೀದಿಯಲ್ಲಿ. ಎದುರುಗಡೆಯೇ ಬೇಲ್ ಬಾಂಡ್ ಅಂಗಡಿಗಳು. ಇಲ್ಲಿನ ನ್ಯಾಯವ್ಯವಸ್ಥೆಯ ಕೊರತೆ ಎಲ್ಲಿದೆ ಎಂದು ಹೊಸದಾಗಿ ಬಂದವರು ಕೇಳಿದರೆ ನಾನು ಕೋರ್ಟಿಗಿಂತ ಮೊದಲು ಈ ಅಂಗಡಿಗಳನ್ನು ತೋರಿಸುತ್ತೇನೆ.

ನಮ್ಮ ಕಡೆ ಜಾಮೀನಿಗೆ ಸಾಮಾನ್ಯವಾಗಿ ಪರಿಚಯದವರೊಬ್ಬರು ಪಹಣಿ ಹಿಡಿದು ಬಂದು ಸಹಿ ಹಾಕುತ್ತಾರೆ. ಆರೋಪಿ ತಲೆಮರೆಸಿಕೊಂಡರೆ ಮಾತ್ರ ಹಣದ ಮಾತು. ಇಲ್ಲಿ ಹಣವೇ ಮೊದಲು. ಪೂರ್ತಿ ಮೊತ್ತ ಕಟ್ಟಿ, ಕರೆದಾಗಲೆಲ್ಲ ಹಾಜರಾದವರಿಗೆ ಅದು ವಾಪಸ್ ಸಿಗುತ್ತದೆ. ಅಷ್ಟು ಇಲ್ಲದವರ ಪರವಾಗಿ ಬಾಂಡ್ ಅಂಗಡಿ ಕೋರ್ಟಿಗೆ ಖಾತರಿ ಕೊಡುತ್ತದೆ; ಅದಕ್ಕೆ ಅಂಗಡಿಗೆ ಸುಮಾರು ಶೇ. 10 ತೆರಬೇಕು. ಆಮೇಲೆ ನಿರಪರಾಧಿ ಎಂದು ತೀರ್ಪಾದರೂ ಆ ದುಡ್ಡು ಹೋದದ್ದೇ.

2017ರಲ್ಲಿ ಈ ಊರಿನ ಕೆನ್ನೆತ್ ಹಂಫ್ರಿ ಎಂಬ 63 ವರ್ಷದವರ ಮೇಲೆ ಒಂದು ಆರೋಪ ಬಂತು: ವೃದ್ಧರೊಬ್ಬರ ಕೋಣೆಗೆ ನುಗ್ಗಿ, ಬೆದರಿಸಿ, 7 ಡಾಲರ್ ಮತ್ತು ಒಂದು ಬಾಟಲಿ ಸೆಂಟು ಕಿತ್ತುಕೊಂಡರು ಎಂದು. ಬೇಲ್ ಮೊತ್ತ 6 ಲಕ್ಷ ಡಾಲರ್. ವಾದಿಸಿದ ಮೇಲೆ ಮೂರೂವರೆ ಲಕ್ಷ. ಹಂಫ್ರಿ ತಿಂಗಳುಗಟ್ಟಲೆ ಜೈಲಿನಲ್ಲೇ ಉಳಿದರು. ಆರೋಪ ಸಣ್ಣದೆಂದು ನಾನು ಹೇಳುವುದಿಲ್ಲ. ಆ ವೃದ್ಧರ ಭಯವೂ ನಿಜವೇ. ಆದರೆ ಇದೇ ಆರೋಪ ಹೊತ್ತ ಸಿರಿವಂತ ಅಷ್ಟೇ ಅಪಾಯಕಾರಿಯಾಗಿದ್ದರೂ ದುಡ್ಡು ಕಟ್ಟಿ ಮನೆಗೆ ಹೋಗಬಹುದಿತ್ತಲ್ಲ! ಬಡತನವೊಂದನ್ನೇ ಕಾರಣ ಮಾಡಿ ಯಾರನ್ನೂ ಒಳಗಿಡಬಾರದು ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ಇದೇ ಕೇಸಿನಲ್ಲಿ ಹೇಳಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2020ರ ನವೆಂಬರಿನಲ್ಲಿ, ಹಣದ ಬೇಲನ್ನೇ ರದ್ದು ಮಾಡುವ ಕಾನೂನನ್ನು ಮತದಾರರು ತಳ್ಳಿಹಾಕಿದ್ದರು. ಹಾಗಾಗಿ ಪದ್ಧತಿ ಇನ್ನೂ ಇದೆ.

ನಿಜವಾದ ಪೆಟ್ಟು ಬೀಳುವುದು ಒಳಗಿದ್ದಾಗ. ತಪ್ಪೊಪ್ಪಿಕೊಂಡರೆ ಇವತ್ತೇ ಮನೆಗೆ, ಇಲ್ಲವಾದರೆ ವಿಚಾರಣೆಯವರೆಗೆ ಇಲ್ಲೇ ಎಂಬ ಪರಿಸ್ಥಿತಿ ಬಂದರೆ, ಕೆಲಸ, ಬಾಡಿಗೆ, ಮಕ್ಕಳು ಎಂದು ಚಿಂತಿಸುವವರು ಮಾಡದ ತಪ್ಪಿಗೂ ಸಹಿ ಹಾಕಿಬಿಡಬಹುದು. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವ ನಮ್ಮವರಿಗೆ ಅದೇ ಸಹಿ ಗಡೀಪಾರಿಗೂ ದಾರಿಯಾದೀತು. ಈ ಅಪಾಯವನ್ನು ವಕೀಲರು ಮೊದಲೇ ತಿಳಿಸಬೇಕೆಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪಡಿಲಾ ಕೇಸಿನಲ್ಲಿ ಹೇಳಿದೆ. ಆದರೆ ನಿಮ್ಮ ವೀಸಾ ಯಾವುದೆಂದು ವಕೀಲರಿಗೆ ಗೊತ್ತಿರಬೇಕಲ್ಲ? ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ. ವಕೀಲರನ್ನಿಡಲು ಹಣವಿಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್ ಬೇಕೆಂದು ಕೇಳಿ. ಅವರು ನಮ್ಮೂರಿನ ಪಬ್ಲಿಕ್ ಪ್ರಾಸಿಕ್ಯೂಟರ್ ಥರ ಅಲ್ಲ. ಸಂಬಳ ಸರ್ಕಾರದ್ದು, ವಾದ ನಿಮ್ಮ ಪರ.