ಆನ್‌ಲೈನ್ ಕರಕುಶಲ ಮಾರಾಟ ಮತ್ತು ಆದಾಯ ತೆರಿಗೆ

ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಮನೆಯಲ್ಲೇ ಮಾಡಿ ಆನ್‌ಲೈನ್‌ನಲ್ಲಿ ನಿಯಮಿತವಾಗಿ ಮಾರಿದರೆ ಬರುವುದು ವ್ಯಾಪಾರದ ಆದಾಯ. ಹವ್ಯಾಸವೆಂಬ ಪ್ರತ್ಯೇಕ ಶೀರ್ಷಿಕೆ ಆದಾಯ ತೆರಿಗೆ ಕಾಯ್ದೆಯಲ್ಲಿಲ್ಲ. ತೆರಿಗೆಯೇ ಬಾರದಿರುವಾಗ ರಿಟರ್ನ್ ಏಕೆ ಎಂಬ ಆಕ್ಷೇಪ ಸಹಜ. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. 1961ರ ಕಾಯ್ದೆಯ 44ಎಡಿ ಕಲಮಿನಡಿ, ಬ್ಯಾಂಕ್ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇ. 6ರಷ್ಟನ್ನು (ನಗದಾದರೆ ಶೇ. 8) ಲಾಭವೆಂದು ತೋರಿಸಬಹುದು. 6 ಲಕ್ಷ ರೂ. ಮಾರಾಟಕ್ಕೆ ಅದು 36,000 ರೂ.; ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ. ಆದರೆ 194-ಒ ಕಲಮಿನಂತೆ ಮಾರಾಟ ಜಾಲತಾಣವು ಶೇ. 0.1ರ ದರದಲ್ಲಿ (2024ರ ಅಕ್ಟೋಬರ್ 1ಕ್ಕೆ ಮೊದಲು ಶೇ. 1) 600 ರೂ. ಮುರಿದುಕೊಂಡಿರುತ್ತದೆ. ರಿಟರ್ನ್ ಸಲ್ಲಿಸದೆ ಆ ಹಣ ವಾಪಸ್ ಬಾರದು. ಕಡಿತದ ವಿವರವಂತೂ 26ಎಎಸ್ ನಮೂನೆಯಲ್ಲಿ ಇಲಾಖೆಯ ಕಣ್ಣಿಗೆ ಬಿದ್ದೇ ಇರುತ್ತದೆ. ವಾರ್ಷಿಕ ಮಾರಾಟ 5 ಲಕ್ಷ ರೂ. ಮೀರದ, ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗೆ ಮಾತ್ರ ಈ ಕಡಿತವಿಲ್ಲ.

ಕಮಿಷನ್ ಕಳೆದು ಕೈಗೆ ಬಂದದ್ದಷ್ಟೇ ವಹಿವಾಟು ಎಂಬ ವಾದವೂ ನಿಲ್ಲದು. ಗಿರಾಕಿ 1,000 ರೂ. ಕೊಟ್ಟು ಖಾತೆಗೆ 820 ರೂ. ಜಮೆಯಾದರೂ ವಹಿವಾಟು 1,000 ರೂ.ಯೇ. ಹಾಲೆ ಮರ, ಅರಗು, ಬಣ್ಣ, ಕೊರಿಯರ್, ಕಮಿಷನ್ ಎಲ್ಲವೂ ಉಳಿದ ಶೇ. 94ರಲ್ಲೇ ಸೇರಿವೆಯೆಂದು ಕಾಯ್ದೆ ಭಾವಿಸುವುದರಿಂದ, ಅವನ್ನು ಮತ್ತೆ ಕಳೆಯುವಂತಿಲ್ಲ. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ಘೋಷಿಸಬೇಕು. ಹೀಗೆ ಅಂದಾಜು ಲಾಭ ತೋರಿಸುವವರ ನಮೂನೆ ಐಟಿಆರ್-4, ಅಂದರೆ ‘ಸುಗಮ್’.