ಹದಿನೇಳರ ಕೇಸು ಕೆಲಸಕ್ಕೆ ಅಡ್ಡಿಯೇ?

ಪ್ರಶ್ನೆ: ಊರು ಗುಂಡಗುರ್ತಿ. 17ನೇ ವಯಸ್ಸಿನಲ್ಲಿ ಜಾತ್ರೆಯ ಜಗಳದಲ್ಲಿ ಕೇಸಾಯಿತು. ಬಾಲ ನ್ಯಾಯ ಮಂಡಳಿ ಎಚ್ಚರಿಸಿ ಬಿಟ್ಟಿತು. ಈಗ ವಾಡಿಯ ಕಾರ್ಖಾನೆ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಕೇಳಿದ್ದಾರೆ.

ಉತ್ತರ: ಹೆದರಬೇಡಿ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಆ ಪ್ರಕರಣ ನಿಮ್ಮನ್ನು ಅನರ್ಹಗೊಳಿಸದು. ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಅದನ್ನು ಬಹಿರಂಗಪಡಿಸುವಂತೆಯೂ ಇಲ್ಲ. ಅದು 74ನೇ ಕಲಮು. ಮಂಡಳಿಯ ಆದೇಶದ ದೃಢೀಕೃತ ನಕಲು ಪಡೆಯಿರಿ. ದಾಖಲೆ ನಾಶಪಡಿಸಲು ಕಲಬುರಗಿಯ ಮಂಡಳಿಗೇ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ದುಡ್ಡಿಗೆ ಹೆಸರು ತೆಗೆಸುತ್ತೇನೆನ್ನುವ ಮಧ್ಯವರ್ತಿಯನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ನೌಕರಿಯ ಅರ್ಜಿಯಲ್ಲಿ ಹಳೆ ಕೇಸಿನ ಪ್ರಶ್ನೆಯಿದ್ದರೆ, ವಕೀಲರಿಗೆ ತೋರಿಸದೆ ಏನೂ ಬರೆಯಬೇಡಿ. ಚಿತ್ತಾಪುರದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತ ನೆರವಿದೆ. ಪರಿಶೀಲನಾ ವರದಿಯಲ್ಲಿ ಕೇಸು ಕಾಣಿಸಿದರೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬಹುದು. ವಯಸ್ಕರಿಗೆ ಹೀಗೆ ದಾಖಲೆ ಅಳಿಸಿಕೊಡುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಸಣ್ಣ ಅಪರಾಧಗಳಿಗಾದರೂ ಅದು ಬರಲೇಬೇಕು.