ನಡುಗೋಡೆಯ ಕೆಳಗಿನ ಪೈಪು: ಎರಡು ಮನೆಗಳ ನಡುವಿನ ಸೋರಿಕೆ ಕಲಿಸಿದ ಎಂಟು ಪಾಠಗಳು

ಹಾನಗಲ್ ತಾಲೂಕಿನ ನಮ್ಮ ಆಡೂರಿನ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳಿವೆ. ಅಜ್ಜನ ಹೆಸರಿನಲ್ಲಿ ಬಂದ ಒಂದು ನಳ, ಮಕ್ಕಳು ಹಿಸೆಯಾದಾಗ ಎರಡಾಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಮೂರಾಗುತ್ತದೆ. ಹೊಲ, ಮನೆ, ಹಂಡೆ, ಕೊಪ್ಪರಿಗೆ ಎಲ್ಲ ಪಾಲಾದರೂ ನೆಲದೊಳಗಿನ ಪೈಪು ಪಾಲಾಗುವುದಿಲ್ಲ. ನಡುಗೋಡೆಯ ಕೆಳಗೆ ಮೂರು ಬಾಯಿಯ ಒಂದು ಟೀ ಕೂಡಿಸಿದರೆ ಅದರಿಂದಲೇ ಎರಡೂ ಮನೆಗೆ ನೀರು ಹರಿಯುತ್ತದೆ. ಆ ಪೈಪು ಸೋರಿದ ದಿನ ನನ್ನನ್ನು ಕರೆಯುತ್ತಾರೆ.

ಈ ಕೆಲಸವನ್ನು ನಾನು ಯಾರ ಹತ್ತಿರವೂ ಕ್ರಮವಾಗಿ ಕಲಿತಿಲ್ಲ. ಹೊಲದ ಬೋರಿನ ಪೈಪು ಜೋಡಿಸುತ್ತ ಕೈ ಪಳಗಿತು. ಅದೇ ಧೈರ್ಯದ ಮೇಲೆ ಓಣಿಗೆ ಇಳಿದೆ. ಹೊಲದಲ್ಲಿ ಪೈಪು ಸೋರಿದರೆ ನೀರು ಬೆಳೆಗಾದರೂ ಹೋಗುತ್ತದೆ. ಓಣಿಯಲ್ಲಿ ಸೋರಿದರೆ ಇನ್ನೊಬ್ಬರ ಕೊಡ ಖಾಲಿ ಉಳಿಯುತ್ತದೆ. ಈ ಫರಕು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಕೆಳಗಿನ ಒಂದೊಂದು ಪಾಠಕ್ಕೂ ಯಾರೋ ನೆರೆಯವರು ತಮ್ಮ ಅಂಗಳವನ್ನೋ ನೀರನ್ನೋ ತೆತ್ತಿದ್ದಾರೆ.

1. ತೇವ ಕಂಡ ಜಾಗದಲ್ಲೇ ತೂತು ಇರಬೇಕೆಂದಿಲ್ಲ.

ಮೊದಮೊದಲು ನೆಲ ಒದ್ದೆಯಾದಲ್ಲೇ ಗುದ್ದಲಿ ಹಾಕುತ್ತಿದ್ದೆ. ಒಬ್ಬ ಕಾಕಾರ ಅಂಗಳದಲ್ಲಿ ಹೀಗೆ ಮೂರು ಕಡೆ ಅಗೆದೆ. ಮೂರೂ ಕಡೆ ಪೈಪು ಗಟ್ಟಿಯಾಗಿತ್ತು. ತೂತು ಇದ್ದದ್ದು ಹತ್ತು ಹೆಜ್ಜೆ ಆಚೆ, ಪಕ್ಕದ ಮನೆಯ ಹಿತ್ತಿಲಲ್ಲಿ. ಪೈಪು ಹೂಳಿದ ಕಾಲುವೆಯ ಮಣ್ಣು ಸುತ್ತಲಿನ ಮಣ್ಣಿಗಿಂತ ಸಡಿಲ. ಸೋರಿದ ನೀರು ಪೈಪಿನ ಗುಂಟ ಇಳಿಜಾರಿಗೆ ಹರಿದು, ಎಲ್ಲಿ ಗಟ್ಟಿ ನೆಲ ತಡೆಯುತ್ತದೋ ಅಲ್ಲಿ ಮೇಲೇಳುತ್ತದೆ. ಈಗ ಮೊದಲು ಎರಡೂ ಮನೆಯ ನಳಗಳನ್ನು ಬಂದ್ ಮಾಡಿಸುತ್ತೇನೆ. ನೀರು ಬಿಟ್ಟ ಹೊತ್ತಿನಲ್ಲಿ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿನ ಮೇಲಿನ ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಕೊಡುತ್ತೇನೆ. ಓಣಿ ಇನ್ನೂ ಎದ್ದಿರದ ನಸುಕಿನಲ್ಲಿ ಸೋರಿಕೆಯ ಸಪ್ಪಳ ಚೆನ್ನಾಗಿ ಕೇಳುತ್ತದೆ. ಸಪ್ಪಳ ಜೋರಾಗುವ ದಿಕ್ಕಿಗೆ ಸರಿಯುತ್ತ ಹೋಗಬೇಕು.

2. ಸೋರಿಕೆ ಒಬ್ಬರ ಮನೆಯಲ್ಲಿ, ಕೊರತೆ ಇನ್ನೊಬ್ಬರ ಮನೆಯಲ್ಲಿ.

ಮೇಲಿನ ಮನೆಯ ಅಂಗಳದಲ್ಲಿ ಪೈಪು ಒಡೆದಿತ್ತು. ನೀರು ಸಣ್ಣಗಾಗಿದ್ದು ಕೆಳಗಿನ ಮನೆಗೆ. ರಿಪೇರಿ ಮಾಡಿಸಿರಿ ಎಂದರೆ ಮೇಲಿನ ಮನೆಯವರು, "ನಮಗ ನೀರ ಬರ್ತೈತಲ್ಲ" ಎಂದರು. ನಾನು ದನಿ ಏರಿಸಿದೆ. ಮಾತು ಬೆಳೆಯಿತು, ಕೆಲಸ ವಾರಗಟ್ಟಲೆ ನಿಂತಿತು. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೆ ಕೊರತೆ ಕಂಡಿರಲೇ ಇಲ್ಲ. ಕೊನೆಗೆ ಸೋರುವ ಜಾಗಕ್ಕೆ ಒಂದು ಲೀಟರಿನ ಚರಿಗೆ ಹಿಡಿದೆ. ಅದು ಒಂದು ನಿಮಿಷಕ್ಕೆ ತುಂಬಿತು. ನೀರು ಬಿಡುವ ಎರಡು ತಾಸಿಗೆ 120 ಲೀಟರ್ ಆಯಿತು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದಿದೆ. ಎರಡು ಜೀವದ ನೀರು ಆ ಅಂಗಳದಲ್ಲಿ ಇಂಗುತ್ತಿತ್ತು. ಚರಿಗೆಯನ್ನು ಕಣ್ಣಾರೆ ಕಂಡ ಮೇಲೆ ಅವರೇ ಗುದ್ದಲಿ ತಂದುಕೊಟ್ಟರು. ಅಂದಿನಿಂದ ನಾನು ವಾದಕ್ಕಿಂತ ಮೊದಲು ಅಳತೆ ಮಾಡುತ್ತೇನೆ.

3. ಟ್ಯೂಬು ಸುತ್ತುವುದು ರಿಪೇರಿಯಲ್ಲ.

ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತಿ, ಮೇಲೆ ತಂತಿ ಬಿಗಿದರೆ ನೀರು ನಿಂತಂತೆ ಕಾಣುತ್ತದೆ. ಗಟಾರದ ಪಕ್ಕದ ಒಂದು ಪೈಪಿಗೆ ನಾನು ಹಾಗೆ ಮಾಡಿ ಮನೆಗೆ ಬಂದೆ. ಮಳೆಗಾಲ ಬಂದಾಗ ಎರಡೂ ಮನೆಯ ನೀರು ವಾಸನೆ ಹಿಡಿಯಿತು. ನೀರು ಬಿಟ್ಟಾಗ ಪೈಪಿನೊಳಗಿನ ಒತ್ತಡ ನೀರನ್ನು ಹೊರಗೆ ತಳ್ಳುತ್ತದೆ. ನೀರು ನಿಲ್ಲಿಸಿದಾಗ ಪೈಪು ಬರಿದಾಗುತ್ತ ಅದೇ ತೂತಿನಿಂದ ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲಿ ದಿನದ 24 ಗಂಟೆಯೂ ನೀರು ಬರತೊಡಗಿತು. ಆ ನಳಗಳನ್ನೂ, ಬಿಟ್ಟುಬಿಟ್ಟು ನೀರು ಬರುವ ವಾರ್ಡುಗಳ ನಳಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಬಿಟ್ಟುಬಿಟ್ಟು ಬರುವ ನೀರಿನಲ್ಲೇ ಹೊಲಸು ಸೇರಿದ ಗುರುತು ಹೆಚ್ಚು ಸಿಕ್ಕಿತು, ಅದರಲ್ಲೂ ನಳಕ್ಕೆ ಮೊದಲು ಬರುವ ನೀರಿನಲ್ಲಿ. ನಮ್ಮ ಹಳ್ಳಿಗಳಲ್ಲಿ ನೀರು ಬರುವುದೇ ಬಿಟ್ಟುಬಿಟ್ಟು. ಹಾಗಾಗಿ ಟ್ಯೂಬು ಒಂದು ರಾತ್ರಿಯ ಮಟ್ಟಿಗೆ ಮಾತ್ರ. ಮರುದಿನ ಆ ತುಂಡು ಕತ್ತರಿಸಿ ಹೊಸದು ಕೂಡಿಸಲೇಬೇಕು. ರಿಪೇರಿಯಾದ ಮೇಲೆ ಮೊದಲ ನೀರನ್ನು ಹೊರಗೆ ಬಿಡಿಸುತ್ತೇನೆ. ಜಲ ಜೀವನ ಮಿಷನ್ ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದು ಗೊತ್ತುಮಾಡಿದೆ. ಹಾಗೆ ಕಲಿತವರು ಹತ್ತಿರ ಇದ್ದರೆ ಅವರಿಂದ ನೀರು ನೋಡಿಸಿಕೊಳ್ಳುವುದು ಲೇಸು.

4. ಒದ್ದೆ ಪೈಪಿಗೆ ಅಂಟಿಸುವ ಸೊಲ್ಯೂಷನ್ ಹಿಡಿಯುವುದಿಲ್ಲ.

ಕತ್ತರಿಸಿದ ಪೈಪಿನಿಂದ ಸಣ್ಣಗೆ ನೀರು ಜಿನುಗುತ್ತಲೇ ಇತ್ತು. ತಡೆಯಲೆಂದು ಒಳಗೆ ಒಂದು ಚಿಂದಿ ತುರುಕಿ ಕಪ್ಲಿಂಗ್ ಕೂಡಿಸಿದೆ. ಚಿಂದಿ ತೆಗೆಯುವುದನ್ನು ಮರೆತೆ. ಮರುದಿನ ಕೆಳಗಿನ ಮನೆಯ ಅವ್ವ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದು, "ತಮ್ಮಾ, ಇದ್ದಷ್ಟೂ ನಿಂತತಲ್ಲೋ" ಎಂದರು. ಆ ಕೊಡ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಜಿನುಗು ನಿಲ್ಲಿಸಲು ಚಿಂದಿ ಬೇಕಿಲ್ಲ. ತಗ್ಗಿನ ಮನೆಯ ನಳ ಬಿಚ್ಚಬೇಕು, ಗಾಳಿ ಒಳಗೆ ಬರಲು ಎತ್ತರದ ಮನೆಯದನ್ನೂ ಬಿಚ್ಚಬೇಕು. ಪೈಪು ತಾನೇ ಬರಿದಾಗುತ್ತದೆ. ಆಮೇಲೆ ನೇರವಾಗಿ ಕತ್ತರಿಸಿ, ಗರಗಸದ ಪುಡಿ ಕೆರೆದು ತೆಗೆದು, ಒಣ ಬಟ್ಟೆಯಿಂದ ಒರೆಸಿ, ಪೈಪಿಗೂ ಕಪ್ಲಿಂಗಿಗೂ ಸೊಲ್ಯೂಷನ್ ಹಚ್ಚಿ, ತುಸು ತಿರುವಿ ಒತ್ತಿ ಹಿಡಿಯಬೇಕು. ಒಣಗಲು ಕೆಲವು ತಾಸು ಸಾಕು, ಆದರೂ ಒಂದು ಇಡೀ ದಿನ ಬಿಡಬೇಕು. ಆ ಹೊತ್ತಿಗೆ ಎರಡೂ ಮನೆಯವರು ನೀರು ತುಂಬಿಟ್ಟುಕೊಂಡಿರಬೇಕಾದ್ದರಿಂದ, ಒಂದು ದಿನ ಮೊದಲೇ ಹೇಳುವುದು ಕೆಲಸದ ಮೊದಲ ಹೆಜ್ಜೆ.

5. ಪೈಪು ಯಾಕೆ ಒಡೆಯಿತೆಂದು ಕೇಳದೆ ಮಣ್ಣು ಮುಚ್ಚಬಾರದು.

ಒಂದೇ ಜಾಗವನ್ನು ಒಂದೇ ವರ್ಷದಲ್ಲಿ ಮೂರು ಸಲ ರಿಪೇರಿ ಮಾಡಿದ್ದೇನೆ. ಮೂರನೆಯ ಸಲ ಕಾಲುವೆಯಲ್ಲಿ ಕೈಯಾಡಿಸಿದಾಗ ಪೈಪಿನ ಅಡಿಗೆ ಒಂದು ಚೂಪು ಕಲ್ಲು ಸಿಕ್ಕಿತು. ಮೇಲೆ ಟ್ರ್ಯಾಕ್ಟರ್ ಹಾದಾಗಲೆಲ್ಲ ಪೈಪು ಅದರ ಮೇಲೆ ಕೂತು ಸೀಳುತ್ತಿತ್ತು. ಎರಿ ನೆಲವಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಜಾಯಿಂಟು ಎಳೆಯುತ್ತದೆ. ಬಿಸಿಲಿಗೆ ಬಿದ್ದ ಪಿವಿಸಿ ಪೈಪು ಗಡುಸಾಗಿ ಒಡೆಯುತ್ತದೆ. ನನ್ನದೇ ಇನ್ನೊಂದು ತಪ್ಪನ್ನೂ ಹೇಳಬೇಕು. ಕಪ್ಲಿಂಗಿನ ದುಡ್ಡು ಉಳಿಸಲು ಪೈಪಿನ ಬಾಯಿಯನ್ನು ಬೆಂಕಿಗೆ ಕಾಯಿಸಿ ಅಗಲಿಸಿ, ಇನ್ನೊಂದು ಪೈಪು ತುರುಕುತ್ತಿದ್ದೆ. ಕಾಯಿಸಿದ ಕಡೆ ಪೈಪು ತೆಳ್ಳಗಾಗುತ್ತದೆ, ಮುಂದೆ ಅಲ್ಲೇ ಬಿರಿಯುತ್ತದೆ. ಈಗ ಕಪ್ಲಿಂಗ್ ಹಾಕುತ್ತೇನೆ, ಅಡಿಗೂ ಮೇಲೂ ಒಂದು ಬುಟ್ಟಿ ಮರಳು ಹಾಸುತ್ತೇನೆ.

6. ತಪ್ಪು ಯಾರದೆಂದು ನಾನು ಹೇಳಬಾರದಿತ್ತು.

ಇದು ಬರೆಯಲು ಕಷ್ಟವಾದ ಪಾಠ. ಅಣ್ಣತಮ್ಮಂದಿರ ಎರಡು ಮನೆ, ನಡುಗೋಡೆಯ ಕೆಳಗೆ ಒಂದು ಟೀ. ಅದು ಒಡೆದಾಗ ಸುತ್ತ ಐದಾರು ಜನ ನಿಂತಿದ್ದರು. ಒಡೆದ ಟೀ ಎತ್ತಿ ಹಿಡಿದು, ತಮ್ಮನ ಮನೆಯವರು ಬಚ್ಚಲು ಕಟ್ಟುವಾಗ ಗುದ್ದಲಿ ತಾಗಿದೆ ಎಂದುಬಿಟ್ಟೆ. ಅದು ಬರೀ ಊಹೆ. ಆದರೆ ಕೆಲಸ ಬಲ್ಲವನ ಬಾಯಿಂದ ಬಂದಿತ್ತು, ಎಲ್ಲರೂ ನಂಬಿದರು. ಹಳೆಯ ಸಿಟ್ಟುಗಳೆಲ್ಲ ಅದರ ಹಿಂದೆ ಎದ್ದುಬಂದವು. ತಿಂಗಳೊಳಗೆ ಎರಡು ಬೇರೆ ಲೈನು ಎಳೆಸಿಕೊಂಡರು, ನಡುವಿನ ಬಾಗಿಲಿಗೆ ಇಟ್ಟಿಗೆ ಬಿತ್ತು. ಆ ಟೀ ನನ್ನ ಚೀಲದಲ್ಲೇ ಉಳಿದಿತ್ತು. ಒಂದು ದಿನ ತೊಳೆದು ನೋಡಿದೆ. ಗುದ್ದಲಿ ಬಿದ್ದರೆ ಏಟು ಮೇಲಿನಿಂದ ಇರಬೇಕು; ಇಲ್ಲಿ ಬಿರುಕು ಅಡಿಯಿಂದ ಎದ್ದಿತ್ತು, ಕಲ್ಲು ಒತ್ತಿದ ಕುಳಿಯೂ ಇತ್ತು. ಆ ಲೈನು ಹೂಳಿದವನು ನಾನೇ. ಅಣ್ಣನ ಹತ್ತಿರ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಈಗ ಹೇಳಿ ಏನ್ ಮಾಡೂದೈತಿ ತಮ್ಮಾ" ಎಂದರು. ತಮ್ಮನಿಗೂ ಹೇಳಿದೆ. ಬಾಗಿಲು ಮಾತ್ರ ತೆರೆಯಲಿಲ್ಲ. ಈಗ ಏನು ಒಡೆದಿದೆ, ಹೇಗೆ ಒಡೆದಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಯಾರು ಎಂಬ ಮಾತಿಗೆ ಬಾಯಿ ತೆರೆಯುವುದಿಲ್ಲ.

7. ಅಗೆದ ನೆಲವನ್ನು ಇದ್ದಂತೆ ಮಾಡಿಕೊಡುವುದೂ ಕೆಲಸವೇ.

ಒಬ್ಬ ಅಕ್ಕನ ಅಂಗಳದಲ್ಲಿ ಪಕ್ಕದ ಮನೆಯ ಪೈಪಿಗಾಗಿ ಅಗೆದು, ಮಣ್ಣು ಗುಡ್ಡೆ ಹಾಕಿ, ತುಳಸಿಕಟ್ಟೆಯ ಮೂಲೆ ಕೆಡವಿ ಬಂದಿದ್ದೆ. ಮುಂದಿನ ಸಲ ಅವರು ಅಗೆಯಲು ಬಿಡಲಿಲ್ಲ. ನಾನು ಅವರನ್ನು ಹಟಮಾರಿ ಎಂದುಕೊಂಡೆ. ಆಮೇಲೆ ವಕೀಲಿಕೆ ಮಾಡುವ ಗೆಳೆಯರೊಬ್ಬರು 1882ರ ಈಸ್‌ಮೆಂಟ್ ಕಾಯ್ದೆಯ 24ನೇ ಕಲಂ ಓದಿ ಹೇಳಿದರು. ಅಲ್ಲಿ ಉದಾಹರಣೆಯಾಗಿ ಕೊಟ್ಟದ್ದೇ ನಮ್ಮ ಓಣಿಯ ಸಂಗತಿ: ಇನ್ನೊಬ್ಬರ ಜಾಗದಲ್ಲಿ ನೀರಿನ ಪೈಪು ಹಾಯಿಸುವ ಹಕ್ಕಿದ್ದವನು ರಿಪೇರಿಗೆಂದು ಒಳಗೆ ಹೋಗಿ ಅಗೆಯಬಹುದು, ಆದರೆ ನೆಲವನ್ನು ಮೊದಲಿದ್ದಂತೆ ಮಾಡಿಕೊಡಲೇಬೇಕು. ಅಕ್ಕ ಕೇಳಿದ್ದೂ ಅಷ್ಟನ್ನೇ. ಕಟ್ಟೆಯ ಮೂಲೆ ಕಟ್ಟಿ, ಅಂಗಳಕ್ಕೆ ಮಣ್ಣು ಬಡಿದು, ಸಗಣಿ ಸಾರಿಸಿದ ಮೇಲೆ ಮತ್ತೆ ಒಳಗೆ ಕರೆದರು. ಮಣ್ಣು ಕುಸಿಯುವುದರಿಂದ ಎರಡು ಮಳೆಯ ನಂತರ ಇನ್ನೊಮ್ಮೆ ಹೋಗಿ ತಗ್ಗು ತುಂಬಿ ಬರುತ್ತೇನೆ.

8. ಪೈಪಿನ ದಾರಿಯನ್ನು ಬರೆದಿಡಬೇಕು.

ಮೊದಲು ನನ್ನ ನೆನಪನ್ನೇ ನಂಬುತ್ತಿದ್ದೆ. ನೆನಪು ನನಗೆ ಹತ್ತಾರು ವ್ಯರ್ಥ ಕುಣಿ ತೋಡಿಸಿದೆ. ಈಗ ಕಾಲುವೆ ತೆರೆದಿರುವಾಗಲೇ ಎರಡೂ ಮನೆಯ ಹಿರಿಯರನ್ನು ಕರೆದು, ನೀರು ಬಿಡಿಸಿ, ಜಾಯಿಂಟು ಒಣಗಿರುವುದನ್ನು ತೋರಿಸುತ್ತೇನೆ. ಇಬ್ಬರೂ ಕಂಡ ಮೇಲೆಯೇ ಮಣ್ಣು. ಆಮೇಲೆ ಹೊಸ್ತಿಲಿನಿಂದ ಎಷ್ಟು ಮೊಳ, ಗೋಡೆಯಿಂದ ಎಷ್ಟು ಗೇಣು, ಆಳ ಎಷ್ಟು ಎಂದು ಶಾಲೆಗೆ ಹೋಗುವ ಮನೆಯ ಮಗುವಿನ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಒಂದು ಪ್ರತಿ ಅವರಿಗೆ, ಒಂದು ಪಕ್ಕದವರಿಗೆ, ಒಂದು ನನಗೆ.

ಆ ಅಣ್ಣತಮ್ಮಂದಿರ ಮನೆಯ ನಕ್ಷೆಯೂ ನನ್ನ ಹತ್ತಿರ ಇದೆ. ಗೋಡೆಯ ಆಚೆ ಒಂದು ಗೆರೆ, ಈಚೆ ಒಂದು ಗೆರೆ. ಹಳೆಯ ಟೀ ಇದ್ದ ಜಾಗದಲ್ಲಿ ಪೈಪಿನ ಬಾಯಿಗೆ ಎಂಡ್‌ಕ್ಯಾಪ್ ಹಾಕಿ ಮುಚ್ಚಿದ್ದೆ. ಅಲ್ಲಿಗೂ ಒಂದು ಗುರುತು ಹಾಕಿ, ಗೋಡೆಯಿಂದ ಒಂದು ಗೇಣು, ಆಳ ಎರಡು ಮೊಳ ಎಂದು ಬರೆದಿದ್ದೇನೆ. ಮುಂದೆ ಯಾರಾದರೂ ಕೂಡಿಸಬೇಕೆಂದರೆ ಎಲ್ಲಿ ಅಗೆಯಬೇಕೆಂಬುದು ಗೊತ್ತಿರಲಿ.